ಕಡ್ಡಿ ಅಳತೆಯ ಚಪ್ಪಲಿ

ನಮ್ಮವ್ವನಿಗೆ ಚಪ್ಪಲಿ ತರುತ್ತಿದ್ದವನು ನಮ್ಮಪ್ಪ. ಕೊಟ್ಟೂರು ಸಂತೆಗೆ ಹೊರಡುವ ದಿನ, ಅಂಗಳ ಗುಡಿಸುತ್ತಿದ್ದ ಅವ್ವನನ್ನು ಕರೆದು, ಆಕೆಯ ಕೈಯಲ್ಲಿದ್ದ ಕಸಬರಿಗೆಯಿಂದಲೇ ಒಂದು ಕಡ್ಡಿ ಎಳೆಯುತ್ತಿದ್ದ. ಹಿಮ್ಮಡಿಯಿಂದ ಹೆಬ್ಬೆರಳ ತುದಿವರೆಗೆ ಅದನ್ನು ನೆಲದ ಮೇಲಿಟ್ಟು, ಚಟ್ಟನೆ ಮುರಿದು, ಅಂಗಿ ಜೇಬಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದ. ಸಂಜೆ ಬರುವಾಗ ಎಣ್ಣೆ, ಬೆಲ್ಲ, ಮಂಡಕ್ಕಿ ಜತೆ ಒಂದು ಜೋಡಿ ಚಪ್ಪಲಿ. ಬಣ್ಣ ಯಾವುದು, ಬಾರು ಹೇಗಿರಬೇಕು ಎಂದು ಅವ್ವನನ್ನು ಯಾರೂ ಕೇಳಿದ್ದು ನಾನು ನೋಡಿಲ್ಲ. ಅವ್ವನೂ ಹೇಳಿದ್ದಿಲ್ಲ. ಉದ್ದ ಸರಿಯಾಗಿಯೇ ಇರುತ್ತಿತ್ತು. ಆದರೆ ಮೊದಲ ವಾರ ಕಿರುಬೆರಳು ಉಜ್ಜಿ ಗುಳ್ಳೆ ಏಳುತ್ತಿತ್ತು. "ಹೊಸ ಚಪ್ಪಲಿ ಕಚ್ಚತೈತಿ" ಎಂದು ಹರಳೆಣ್ಣೆ ಹಚ್ಚಿಕೊಂಡು ಸುಮ್ಮನಾಗುತ್ತಿದ್ದಳು.

ಕಚ್ಚುತ್ತಿದ್ದುದು ಹೊಸತನವಲ್ಲ, ಅಳತೆ. ಕಸಬರಿಗೆ ಕಡ್ಡಿಗೆ ಕಾಲಿನ ಉದ್ದ ಗೊತ್ತು, ಅಗಲ ಗೊತ್ತಿಲ್ಲ. ಈ ಸಣ್ಣ ಸಂಗತಿ ನನಗೆ ತಿಳಿಯಲು ಅರವತ್ತು ವರ್ಷ ಬೇಕಾಯಿತು. ತಿಳಿಯುವ ಹೊತ್ತಿಗೆ ಅವ್ವ ಒಂದು ಬೆರಳು ಕಳೆದುಕೊಂಡಿದ್ದಳು. ಅದನ್ನು ಆಮೇಲೆ ಹೇಳುತ್ತೇನೆ.

ನಾನು ಶಾಲೆ ಟೀಚರ್ ಆಗಿದ್ದವಳು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಕೊನೆಗೆ ಹಗರಿಬೊಮ್ಮನಹಳ್ಳಿ, ಹೀಗೆ ವರ್ಗವಾದ ಕಡೆಯೆಲ್ಲ ಹಳ್ಳಿ ಶಾಲೆಗಳಿಗೆ ನಡೆದೇ ಹೋಗಿದ್ದೇನೆ. ಈ ಊರುಗಳ ನೆಲ ನನ್ನ ಕಾಲಿಗೆ ಚೆನ್ನಾಗಿ ಗೊತ್ತು. ಕೂಡ್ಲಿಗಿ ಕಡೆ ಮಸಾರಿ, ಬೆಣಚುಕಲ್ಲು, ಬೇಸಿಗೆಯಲ್ಲಿ ಹಂಚಿನಂತೆ ಕಾಯುವ ದಾರಿ. ಅಲ್ಲಿಂದ ಪಶ್ಚಿಮಕ್ಕೆ ಬಂದರೆ ಅಲ್ಲಲ್ಲಿ ಎರೆ ಹೊಲ. ಒಂದು ಮಳೆ ಬಿದ್ದರೆ ಸಾಕು, ಹೆಜ್ಜೆಗೊಂದು ಹೆಂಟೆ ಅಂಟಿಕೊಂಡು ಚಪ್ಪಲಿ ಕಾಲು ಕೆ.ಜಿ. ಹೆಚ್ಚು ತೂಗುತ್ತದೆ. ಹರಪನಹಳ್ಳಿ ತಾಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಎಷ್ಟು ಬದಲಾದರೂ ಕಾಲಿಗೆ ಅಂಟುವ ಎರೆ ಮಾತ್ರ ಅದೇ!

ಈ ಎಲ್ಲ ತಾಲೂಕಿಗೂ ಒಂದೇ ಸಮನೆ ಇರುವುದೆಂದರೆ ಜಾಲಿ ಮುಳ್ಳು. ಮಕ್ಕಳೇ, ನಿಮ್ಮೂರ ಕೆರೆ ದಂಡೆ, ಹಳ್ಳದ ಬದಿ, ಬಯಲು ಜಾಗದಲ್ಲೆಲ್ಲ ಪೊದೆಪೊದೆಯಾಗಿ ಬೆಳೆದಿದೆಯಲ್ಲ, ಆ ಮರಕ್ಕೆ ಕನ್ನಡ ನಾಡಿನ ತುಂಬ 'ಬಳ್ಳಾರಿ ಜಾಲಿ' ಎಂದೇ ಹೆಸರು. ಹೆಸರು ನಮ್ಮದಾದರೂ ಮರ ನಮ್ಮದಲ್ಲ. ಅದರ ತವರು ಮೆಕ್ಸಿಕೊ ಮತ್ತು ದಕ್ಷಿಣ ಅಮೆರಿಕದ ಕಡೆ. ಬರದ ನಾಡಿಗೆ ಸೌದೆಯಾಗಲಿ, ನೆಲ ಹಸಿರಾಗಲಿ ಎಂದು ಬ್ರಿಟಿಷರ ಕಾಲದಲ್ಲಿ, 1870ರ ದಶಕದಲ್ಲಿ, ಭಾರತಕ್ಕೆ ತಂದರು. ಸೌದೆಯೇನೋ ಆಯಿತು. ಜತೆಗೆ ಬಂದ ಮುಳ್ಳು ಹವಾಯಿ ಚಪ್ಪಲಿಯ ಮೆತ್ತನೆ ಅಟ್ಟೆಯನ್ನು ಸೂಜಿ ಬಟ್ಟೆ ತೂರಿದಂತೆ ತೂರಿ ನೇರ ಪಾದಕ್ಕೆ ಇಳಿಯುತ್ತದೆ.

ಆದ್ದರಿಂದ ನಮ್ಮ ಕಡೆ ಚಪ್ಪಲಿ ಆರಿಸುವವರು ಮೊದಲು ನೋಡಬೇಕಾದ್ದು ಮೇಲಿನ ಹೂವಿನ ಚಿತ್ತಾರವನ್ನಲ್ಲ, ಅಡಿಯ ಅಟ್ಟೆಯನ್ನು. ಅಂಗಡಿಯಲ್ಲಿ ಹೆಬ್ಬೆರಳ ಉಗುರಿನಿಂದ ಅಟ್ಟೆಯನ್ನು ಒತ್ತಿ ನೋಡಿ. ಉಗುರು ಬೆಣ್ಣೆಗೆ ಇಳಿದಂತೆ ಇಳಿದರೆ ಆ ಚಪ್ಪಲಿ ಬಚ್ಚಲಿಗೆ ಸರಿ, ಬಯಲಿಗಲ್ಲ. ಹಿಂದೆ ಹೊಲಕ್ಕೆ ಹೋಗುವವರು ಹಳೆ ಲಾರಿ ಟೈರು ಕೊಯ್ದು ಮಾಡಿದ ಚಪ್ಪಲಿ ಮೆಟ್ಟುತ್ತಿದ್ದುದು ಇದಕ್ಕೇ. ನೋಡಲು ಒರಟು, ನಡೆದರೆ ಟಪ್ ಟಪ್ ಸದ್ದು. ಆದರೆ ಜಾಲಿ ಮುಳ್ಳೇ ಸೋತು ಮುರಿಯುತ್ತಿತ್ತು. ಗಂಡಸರು ಹೆಚ್ಚಾಗಿ ಅದನ್ನು ಹಾಕಿದ್ದು ಕಂಡಿದ್ದೇನೆ. ಹೆಂಗಸರ ಪಾಲಿಗೆ ಬಂದದ್ದು ಬರಿಗಾಲು, ಇಲ್ಲವೇ ಗಂಡ ಬಿಟ್ಟ ಹವಾಯಿ, ಅದೂ ಉಂಗುಟ ಕಿತ್ತು ಅಡಿಗೆ ಪಿನ್ನು ಸಿಕ್ಕಿಸಿದ್ದು. ಅತ್ತೆ ಮಾವನ ಮುಂದೆ ಸೊಸೆ ಚಪ್ಪಲಿ ಮೆಟ್ಟಿ ಓಡಾಡುವುದು ಸೊಕ್ಕು ಎನ್ನುವ ಕಾಲ ಅದು. ಊರ ಹೊರಗಿನ ಕೇರಿಯವರಂತೂ ದೊಡ್ಡವರ ಓಣಿಗೆ ಬಂದರೆ ಚಪ್ಪಲಿ ಕೈಗೆ ತೆಗೆದುಕೊಳ್ಳಬೇಕಿತ್ತು. ಊರಿಗೆಲ್ಲ ಮೆಟ್ಟು ಹೊಲಿದು ಕೊಡುತ್ತಿದ್ದವರೂ ಅವರೇ! ಇದನ್ನು ಅಜ್ಜ ಅಜ್ಜಿಯರು ಮಕ್ಕಳಿಗೆ ಮುಚ್ಚಿಡದೆ ಹೇಳಬೇಕು ಎಂದು ನನ್ನ ಅಭಿಪ್ರಾಯ.

ಶಾಲೆಗೆ ಬರೋಣ. ಸರ್ಕಾರ ಮಕ್ಕಳಿಗೆ ಕಪ್ಪು ಶೂ, ಕಾಲುಚೀಲ ಕೊಡಲು ಶುರುಮಾಡಿದಾಗ ಅಳತೆ ಬರೆದುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಗಂಡುಮಕ್ಕಳು ತಮ್ಮ ಅಳತೆಗಿಂತ ಒಂದು ನಂಬರ್ ಜಾಸ್ತಿ ಹೇಳುತ್ತಿದ್ದರು. ದೊಡ್ಡವರಾಗುವ ಆಸೆ! ಹೆಣ್ಣುಮಕ್ಕಳು ಒಂದು ನಂಬರ್ ಕಮ್ಮಿ ಹೇಳುತ್ತಿದ್ದರು. ಏಳನೇ ತರಗತಿಯ ಒಬ್ಬ ಹುಡುಗಿ ಬೆರಳು ಮಡಚಿಕೊಂಡು ಅಳತೆಪಟ್ಟಿಯ ಮೇಲೆ ನಿಂತಳು. "ಬೆರಳು ಬಿಡವ್ವ" ಎಂದರೆ ಬಿಡಲೊಲ್ಲಳು. ಕಡೆಗೆ ಕಿವಿಯಲ್ಲಿ ಹೇಳಿದಳು: "ಮಿಸ್, ಹೆಣ್ಣುಮಕ್ಕಳ ಕಾಲು ದೊಡ್ಡದಿರಬಾರದಂತೆ. ಅಮ್ಮ ಬೈತಾಳೆ." ನಾನು ನನ್ನ ಚಪ್ಪಲಿ ಬಿಟ್ಟು ಅದೇ ಪಟ್ಟಿಯ ಮೇಲೆ ನಿಂತು ತೋರಿಸಿದೆ. ನನ್ನದು ಅವಳದಕ್ಕಿಂತ ಎರಡು ಬೆರಳು ದೊಡ್ಡದು. ಆಮೇಲೆ ಬೆರಳು ಬಿಟ್ಟಳು.

ಆ ನಂಬರ್ ಅನ್ನುವುದರ ಕಥೆ ಮಕ್ಕಳಿಗೆ ಹಿಡಿಸೀತು. ನಮ್ಮ ಅಂಗಡಿಗಳಲ್ಲಿ ನಾಲ್ಕು, ಐದು, ಆರು ಎಂದು ಕೇಳುತ್ತೇವಲ್ಲ, ಅದು ಇಂಗ್ಲೆಂಡಿನಿಂದ ಬಂದ ಲೆಕ್ಕ. ಒಂದು ನಂಬರಿಗೂ ಮುಂದಿನ ನಂಬರಿಗೂ ಇರುವ ಅಂತರ ಒಂದು ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಯಾಕೆ ಮೂರನೇ ಒಂದು? ಹಿಂದೆ ಅಲ್ಲಿನವರು ಮೂರು ಜವೆಗೋಧಿ ಕಾಳನ್ನು ಉದ್ದುದ್ದ ಇಟ್ಟರೆ ಒಂದು ಇಂಚು ಎಂದು ಲೆಕ್ಕ ಹಿಡಿದಿದ್ದರು. ನಮ್ಮಪ್ಪನಿಗೆ ಕಸಬರಿಗೆ ಕಡ್ಡಿ, ಅವರಿಗೆ ಜವೆಗೋಧಿ ಕಾಳು. ನಾನು ಇದನ್ನು ಪಾಠದ ನಡುವೆ ಹೇಳಿದ ಮರುದಿನ ಒಬ್ಬ ಹುಡುಗ ಜೇಬು ತುಂಬ ಜೋಳದ ಕಾಳು ತಂದು ಎಲ್ಲರ ಕಾಲು ಅಳೆಯತೊಡಗಿದ್ದ.

ಇಂಗ್ಲೆಂಡಿನ ಲೆಕ್ಕ ನಮ್ಮ ಪಾದಕ್ಕೆ ಪೂರ್ತಿ ಒಗ್ಗುವುದಿಲ್ಲ ಎಂಬುದು ಈಗ ವಿಜ್ಞಾನಿಗಳೂ ಒಪ್ಪಿದ ಮಾತು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ ಹಲವೆಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಸ್ಕ್ಯಾನರ್ ಯಂತ್ರದಲ್ಲಿ ಅಳೆದರು. ನಮ್ಮವರ ಪಾದ ಯುರೋಪಿನವರ ಪಾದಕ್ಕಿಂತ ಅಗಲ ಎಂದು ಕಂಡುಬಂತು. ಹಾಗಾಗಿ ಭಾರತಕ್ಕೇ ಬೇರೆ ಅಳತೆ ಪಟ್ಟಿ ಮಾಡಿ, ಅದಕ್ಕೆ 'ಭಾ' ಎಂದು ಹೆಸರು ಸೂಚಿಸಿದ್ದಾರೆ. ಅಗಲ ಸಾಲದೆ ಹೋದಾಗ ನಾವೇನು ಮಾಡುತ್ತೇವೆ? ಒಂದು ನಂಬರ್ ಉದ್ದದ್ದು ಕೊಳ್ಳುತ್ತೇವೆ. ಆಗ ಅಗಲ ಸರಿಯಾಗುತ್ತದೆ, ಹಿಂದೆ ಚಪ್ಪಲಿ ಜೋತಾಡುತ್ತದೆ, ಎಡವುತ್ತೇವೆ. ಅದೇ ಸಮೀಕ್ಷೆಯಲ್ಲಿ ತಿಳಿದ ಇನ್ನೊಂದು ವಿಷಯ: ನಮ್ಮ ಹೆಣ್ಣುಮಕ್ಕಳ ಪಾದ ಹನ್ನೊಂದು ವರ್ಷದ ಸುಮಾರಿಗೆ ಬೆಳವಣಿಗೆಯ ತುದಿ ಮುಟ್ಟುತ್ತದೆ, ಗಂಡುಮಕ್ಕಳದು ಹದಿನೈದು ಹದಿನಾರರ ಹೊತ್ತಿಗೆ. ಐದಾರನೇ ತರಗತಿಯ ಹುಡುಗಿಗೆ ಕಳೆದ ವರ್ಷದ ಶೂ ಬಿಗಿಯಾದರೆ ಅದು ಅವಳ ತಪ್ಪಲ್ಲ. ಬೆಳೆಯುವ ಕಾಲನ್ನು ಹಳೆ ಶೂಗೆ ತುರುಕಿದರೆ ಬೆರಳು ಮಡಚಿಕೊಂಡೇ ಬೆಳೆಯುತ್ತದೆ.

ಈಗ ಅವ್ವನ ಬೆರಳಿನ ವಿಷಯ.

ಮೂರು ವರ್ಷದ ಹಿಂದೆ. ಅವ್ವನಿಗೆ ಎಂಬತ್ತರ ಹತ್ತಿರ, ಸಕ್ಕರೆ ಕಾಯಿಲೆ ಶುರುವಾಗಿ ಬಹಳ ವರ್ಷವಾಗಿತ್ತು. ಹಳ್ಳಿಯಲ್ಲಿ ತಮ್ಮನ ಮನೆಯಲ್ಲಿದ್ದಳು. ನಾನು ಊರಿಗೆ ಹೋದಾಗ ಜಗಲಿ ಮೇಲೆ ಕೂತವಳ ಕಾಲ ಕೆಳಗೆ ಒದ್ದೆ ಕಲೆ ಕಂಡಿತು. ನೋಡಿದರೆ ಎಡಗಾಲ ಕಿರುಬೆರಳ ಬುಡ ಕಪ್ಪಾಗಿದೆ. "ಏನಾತು ಇದು?" ಎಂದರೆ "ಏನಾಗೈತಿ? ನೋವೇ ಇಲ್ಲಲ್ಲ" ಎಂದಳು. ನೋವಿಲ್ಲದ್ದೇ ಅಪಾಯ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಸಕ್ಕರೆ ಕಾಯಿಲೆ ಹಳೆಯದಾದರೆ ಪಾದದ ನರಗಳು ಮಂಕಾಗುತ್ತವೆ. ಹವಾಯಿ ಚಪ್ಪಲಿ ತೂರಿ ಬಂದ ಜಾಲಿ ಮುಳ್ಳಿನ ತುದಿ ಒಳಗೇ ಮುರಿದು ಎಷ್ಟು ದಿನವಾಗಿತ್ತೋ. ಬೆರಳು ತೆಗೆಯದೆ ಬೇರೆ ದಾರಿ ಇರಲಿಲ್ಲ. ತೆಗೆದದ್ದರಿಂದ ಕಾಲು ಉಳಿಯಿತು.

ಗಾಯ ಮಾಯ್ದ ಮೇಲೆ ಡಾಕ್ಟರು ಅವ್ವನ ಹಳೇ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೇಳಿದರು, "ಇದನ್ನು ಯಾರು ಆರಿಸಿದ್ದು ಅಮ್ಮ?" ಅವ್ವ ನನ್ನ ಮುಖ ನೋಡಿದಳು. ಅಪ್ಪ ಹೋದ ಮೇಲೆ ತಂದುಕೊಡುತ್ತಿದ್ದವಳು ನಾನೇ. ನಾನೂ ಅವ್ವನನ್ನು ಅಂಗಡಿಗೆ ಕರೆದುಕೊಂಡು ಹೋಗಿರಲಿಲ್ಲ. ಕಡ್ಡಿಯ ಬದಲು ನಂಬರ್ ಹೇಳುತ್ತಿದ್ದೆ, ಅಷ್ಟೆ.

ಹೀಗೆ ಅವ್ವ ತನ್ನ ಎಂಬತ್ತನೇ ವಯಸ್ಸಿನಲ್ಲಿ ಮೊದಲ ಬಾರಿ ಚಪ್ಪಲಿ ಅಂಗಡಿ ಹತ್ತಿದಳು. ಹಗರಿಬೊಮ್ಮನಹಳ್ಳಿಯಲ್ಲಿ, ಸಂಜೆ ಆರರ ಹೊತ್ತಿಗೆ. ಸಂಜೆಯೇ ಯಾಕೆಂದರೆ ದಿನವಿಡೀ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ಬೆಳಿಗ್ಗೆ ಸರಿಹೋದ ಚಪ್ಪಲಿ ಸಂಜೆ ಬಿಗಿಯುತ್ತದೆ. ಜತೆಗೆ ಆರನೇ ತರಗತಿಯ ನನ್ನ ಮೊಮ್ಮಗಳೂ ಇದ್ದಳು. ಅಂಗಡಿಯ ಹುಡುಗ "ಯಾವ ನಂಬರ್ ಅಜ್ಜೀ?" ಎಂದ. ಅವ್ವ, "ಕಡ್ಡಿ ತಂದಿಲ್ಲಪ್ಪ" ಎಂದಳು. ಹುಡುಗನಿಗೆ ಅರ್ಥವಾಗಲಿಲ್ಲ. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆದರೆ ಮೊಮ್ಮಗಳು ಕಡ್ಡಿಗಿಂತ ಒಳ್ಳೆಯದನ್ನು ತಂದಿದ್ದಳು. ಹಿಂದಿನ ಸಂಜೆ ಹಳೇ ಪೇಪರ್ ನೆಲಕ್ಕೆ ಹಾಸಿ, ದೊಡ್ಡಜ್ಜಿಯನ್ನು ಅದರ ಮೇಲೆ ನಿಲ್ಲಿಸಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆದು ಕತ್ತರಿಸಿಟ್ಟಿದ್ದಳು. ಕೂತು ತೆಗೆದ ಅಳತೆ ಸಾಲದು, ಮೈಭಾರ ಬಿದ್ದಾಗ ಪಾದ ಹರಡುತ್ತದೆ. ನಿಂತೇ ತೆಗೆಯಬೇಕು. ಮತ್ತೆ, ಎರಡೂ ಪಾದ ಒಂದೇ ಅಳತೆ ಇರುವವರು ಕಡಿಮೆ, ದೊಡ್ಡದಕ್ಕೆ ಹೊಂದುವುದನ್ನೇ ಕೊಳ್ಳಬೇಕು. ಆ ಪೇಪರ್ ಪಾದವನ್ನು ಚಪ್ಪಲಿಯ ಮೇಲಿಟ್ಟರೆ ಸುಳ್ಳು ಹೇಳುವುದಿಲ್ಲ: ಯಾವ ಬದಿಯಲ್ಲೂ ಅಂಚು ದಾಟಬಾರದು, ಮುಂದೆ ಅರ್ಧ ಬೆರಳಿನಷ್ಟು ಜಾಗ ಉಳಿಯಬೇಕು. ಅಂಗಡಿಯ ಹುಡುಗ ಮೊದಲು ನಕ್ಕ. ಆಮೇಲೆ ತಾನೂ ಒಂದೊಂದೇ ಡಬ್ಬಿ ಇಳಿಸಿ ಪೇಪರ್ ಇಟ್ಟು ನೋಡತೊಡಗಿದ.

ಅವ್ವನಿಗೆ ಕಡೆಗೆ ತಂದದ್ದು ಎಂ.ಸಿ.ಆರ್. ಚಪ್ಪಲಿ. ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರ್ ಮೇಲೆ, ಗಟ್ಟಿ ಅಟ್ಟೆ ಕೆಳಗೆ. ಮೊದಲು ಕುಷ್ಠರೋಗದಿಂದ ಪಾದದ ಸ್ಪರ್ಶ ಹೋದವರಿಗೆ ಕೊಡುತ್ತಿದ್ದರು, ಈಗ ಸಕ್ಕರೆ ಕಾಯಿಲೆಯವರಿಗೂ ಕೊಡುತ್ತಾರೆ. ಉಂಗುಟವಿಲ್ಲ, ಯಾಕೆಂದರೆ ಬೆರಳ ಸಂದಿ ಉಜ್ಜಿದರೂ ಅವ್ವನಿಗೆ ತಿಳಿಯುವುದಿಲ್ಲ. ಹಿಮ್ಮಡಿಗೆ ಬಾರು ಇದೆ, ಜಾರುವುದಿಲ್ಲ. ಬಣ್ಣ ಕಂದು. ಅವ್ವ ಹಿಂದುಮುಂದು ತಿರುಗಿಸಿ ನೋಡಿ, "ಕರೇದು ಇಲ್ಲೇನು? ನನ್ನ ಸೀರಿಗೆ ಕರೇದು ಛಲೋ" ಎಂದಳು. ಎಂಬತ್ತು ವರ್ಷ ಯಾರೂ ಕೇಳದಿದ್ದ ಬಣ್ಣ! ಕಪ್ಪು ಸಿಕ್ಕಿತು.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಮಕ್ಕಳೇ, ಒಂದು ಕೆಲಸ ನಿಮ್ಮದು. ದಿನಾ ರಾತ್ರಿ ಅವರ ಪಾದದ ಅಡಿ ನೋಡಿ. ಅವರಿಗೆ ಬಗ್ಗಿ ನೋಡಲು ಆಗುವುದಿಲ್ಲ, ಕಣ್ಣೂ ಮಂಜು. ಬೆಳಿಗ್ಗೆ ಚಪ್ಪಲಿ ಮೆಟ್ಟುವ ಮೊದಲು ಅದನ್ನು ತಲೆಕೆಳಗು ಮಾಡಿ ಕೊಡವಿ, ಒಳಗೆ ಕೈಯಾಡಿಸಿ. ಕಲ್ಲು, ಮುಳ್ಳು, ಕೆಲವೊಮ್ಮೆ ಚೇಳೂ ಇರಬಹುದು.

ಇನ್ನು ಕೆಲಸಕ್ಕೆ, ಕಾಲೇಜಿಗೆ ಹೋಗುವವರ ಮಾತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸುಗಳಲ್ಲಿ ಹೆಣ್ಣುಮಕ್ಕಳದೇ ಸಾಲು. ಒಳ್ಳೆಯದೇ. ಆದರೆ ನೂಕುನುಗ್ಗಲಲ್ಲಿ ಮೆಟ್ಟಿಲು ಹತ್ತುವಾಗ ಹಿಂದೆ ಬಾರಿಲ್ಲದ ಚಪ್ಪಲಿ ಕಳಚಿ ಕೆಳಗೆ ಬೀಳುತ್ತದೆ, ಎತ್ತರದ ಹಿಮ್ಮಡಿ ಹೊರಳುತ್ತದೆ. ದಿನದ ಓಡಾಟಕ್ಕೆ ಒಂದು ಇಂಚಿನ ಆಸುಪಾಸಿನ ಅಗಲ ಹಿಮ್ಮಡಿ, ಹಿಂದೆ ಬಾರಿರುವ ಸ್ಯಾಂಡಲ್ ಸಾಕು. ಹಿಮ್ಮಡಿ ಎತ್ತರವಾದಷ್ಟೂ ಮೈಭಾರವೆಲ್ಲ ಮುಂಗಾಲಿನ ಮೇಲೆ ಬೀಳುತ್ತದೆ. ಹಾಗೆಂದು ರೊಟ್ಟಿಯಷ್ಟು ತೆಳ್ಳಗಿನದೂ ಬೇಡ. ಸಿಮೆಂಟ್ ನೆಲದ ಮೇಲೆ ದಿನವೆಲ್ಲ ನಿಂತು ಪಾಠ ಮಾಡಿದ ನನಗೆ ಬೆಳಿಗ್ಗೆ ಹಾಸಿಗೆಯಿಂದ ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮೊಳೆ ಹೊಡೆದಂತೆ ನೋವು ಬರುತ್ತಿತ್ತು. ತೆಳು ಚಪ್ಪಲಿ ಬಿಟ್ಟು ಹಿಮ್ಮಡಿಗೆ ಮೆತ್ತೆ ಇರುವುದು ಹಾಕಿದ ಮೇಲೆ ಕೆಲವು ತಿಂಗಳಲ್ಲಿ ಕಡಿಮೆಯಾಯಿತು. ಶೂ ಆದರೆ ಬಗ್ಗಿಸಿ ನೋಡಿ: ಬೆರಳು ಬಗ್ಗುವ ಜಾಗದಲ್ಲಿ ಬಗ್ಗಬೇಕು, ನಡುವಿಗೇ ಮಡಚಬಾರದು. ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡರೆ ಅಲ್ಲೇ ಬಿಡಿ.

ಚಂದ ಬೇಡವೇ? ಬೇಕು, ಯಾಕೆ ಬೇಡ! ಮದುವೆಯಾದವರಿಗೆ ಕಾಲುಂಗುರ ಇರುತ್ತದೆ. ಮುಂದೆ ಮುಚ್ಚಿದ ಬಿಗಿ ಶೂ ಹಾಕಿದರೆ ಅದು ಪಕ್ಕದ ಬೆರಳನ್ನು ಕೊರೆಯುತ್ತದೆ. ಮುಂಭಾಗ ತೆರೆದಿರುವುದು ಅಥವಾ ದುಂಡಗೆ ಅಗಲವಾಗಿರುವುದು ಒಳ್ಳೆಯದು, ಉಂಗುರವೂ ಕಾಣುತ್ತದೆ. ಗೆಜ್ಜೆ ಹಾಕುವವರು ಕಣಕಾಲಿಗೆ ಬಕಲ್ ಬರುವ ಸ್ಯಾಂಡಲ್ ಕೊಂಡರೆ ಎರಡೂ ಸಿಕ್ಕಿಕೊಂಡು ಜಗಳ. ಸೀರೆಯನ್ನು ಯಾವ ಚಪ್ಪಲಿ ಹಾಕಿ ಹೋಗುತ್ತೀರೋ ಅದನ್ನೇ ಮೆಟ್ಟಿ ಉಡಿ, ಆಗ ಅಂಚು ನೆಲ ಗುಡಿಸುವುದಿಲ್ಲ. ಒಂದೇ ಜೋಡಿ ಕೊಳ್ಳುವ ಶಕ್ತಿ ಇದ್ದವರು ಕಂದು ಬಣ್ಣ ನೋಡಿ. ಇಳಕಲ್ ಸೀರೆಗೂ ಚೂಡಿದಾರಿಗೂ ಒಪ್ಪುತ್ತದೆ, ಮಸಾರಿ ದೂಳು ಕೂತರೂ ಕಾಣುವುದಿಲ್ಲ. ಬಿಳಿ ಶೂ ಕೇಳಿದ ಮೊಮ್ಮಗಳಿಗೆ ನಾನು ಇದನ್ನೇ ಹೇಳಿದೆ. ಕೇಳಲಿಲ್ಲ. ಈಗ ಭಾನುವಾರಕ್ಕೊಮ್ಮೆ ಹಳೇ ಬ್ರಷ್ ಹಿಡಿದು ತಾನೇ ತಿಕ್ಕುತ್ತಾಳೆ, ಇರಲಿ.

ಮಲ್ಲಿಗೆಗೆ ಹೆಸರಾದ ಹಡಗಲಿಯಲ್ಲಿ ಮೊಗ್ಗು ಅರಳುವ ಮೊದಲೇ ಬಿಡಿಸಬೇಕೆಂದು ಹೆಣ್ಣುಮಕ್ಕಳು ನಸುಕಿಗೇ ತೋಟಕ್ಕೆ ಇಳಿಯುತ್ತಾರೆ. ಒದ್ದೆ ನೆಲ, ಮಬ್ಬುಗತ್ತಲು, ಹುಳುಹುಪ್ಪಟೆ. ಅಲ್ಲಿಗೆ ಚರ್ಮದ್ದು ಬೇಡ, ಅಡಿಯಲ್ಲಿ ಆಳದ ಗೀರುಗಳಿರುವ ಪ್ಲಾಸ್ಟಿಕ್ಕಿನದು, ಪಾದ ಮುಚ್ಚುವಂಥದು ಇರಲಿ. ತೊಳೆದರೆ ಮಣ್ಣು ಬಿಡುತ್ತದೆ. ಚರ್ಮದ್ದು ಬೇಸಿಗೆಗೆ ಮಾತ್ರ ಹೇಳಿಸಿದ್ದು, ಬೆವರು ಹೀರಿ ಕಾಲನ್ನು ತಂಪಾಗಿಡುತ್ತದೆ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿ ಬರೀ ಮಹಾರಾಷ್ಟ್ರದ್ದಲ್ಲ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. ಅಥಣಿಯ ಕಡೆ ಮನೆಮನೆಯಲ್ಲಿ ಹೆಂಗಸರು ಅದರ ಹೆಣಿಗೆ, ಹೊಲಿಗೆ ಮಾಡುತ್ತಾರೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ತರಹದ ಚಪ್ಪಲಿಯನ್ನು ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಹೆಸರು ಹೇಳದೆ ತೋರಿಸಿ, ಇಲ್ಲಿನವರು ಕೇಳಿದ ಮೇಲೆ ಭಾರತದ ಕಸುಬಿನಿಂದ ಸ್ಫೂರ್ತಿ ಪಡೆದದ್ದೆಂದು ಒಪ್ಪಿಕೊಂಡಿತು.

ಕಿತ್ತ ಚಪ್ಪಲಿಯನ್ನು ಎಸೆಯುವ ಮುಂಚೆ ಬಸ್ ನಿಲ್ದಾಣದ ಹತ್ತಿರ ಕೂರುವ ಹೊಲಿಯುವವರಿಗೆ ಒಮ್ಮೆ ತೋರಿಸಿ. ಹನ್ನೆರಡನೇ ಶತಮಾನದ ಹರಳಯ್ಯ ದಂಪತಿಯ ಕಥೆ ನೀವು ಕೇಳಿದ್ದೀರಿ, ಬಸವಣ್ಣ ಅವರು ತಂದ ಚಮ್ಮಾವುಗೆಯನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಹೊತ್ತನಂತೆ. ಅಷ್ಟು ಬೇಡ, ಹೊಲಿದುಕೊಟ್ಟವರಿಗೆ ಚಪ್ಪಲಿಯನ್ನು ಕಾಲಿಂದ ತಳ್ಳದೆ ಕೈಯಲ್ಲಿ ಕೊಡಿ. ಹೊಸದಕ್ಕೇ ಮೊದಲ ದಿನ ಎರಡು ಹೊಲಿಗೆ ಹಾಕಿಸಿದರೆ ಇನ್ನೊಂದು ವರ್ಷ ಬಾಳುತ್ತದೆ.

ಈ ಸಲ ಕೊಟ್ಟೂರು ತೇರಿಗೆ ಅವ್ವ ಹಟ ಹಿಡಿದಳು. ದಾವಣಗೆರೆ ಕಡೆಯಿಂದ ಸಾವಿರಾರು ಜನ ನಡೆದು ಬರುತ್ತಾರೆ, ಬರಿಗಾಲಲ್ಲಿ ಬರುವವರೂ ಬಹಳ. ಅವ್ವನೂ ವಯಸ್ಸಿನಲ್ಲಿ ಊರಿಂದ ಬರಿಗಾಲಲ್ಲೇ ಹೋದವಳು. "ಕೊಟ್ರಪ್ಪನ ಹತ್ರ ಚಪ್ಪಲಿ ಮೆಟ್ಟಿ ಹೋಗ್ಲೇನು?" ಎಂದಳು. ಮೊಮ್ಮಗಳು, "ದೊಡ್ಡಜ್ಜಿ, ಇನ್ನೊಂದು ಬೆರಳು ಹೋದ್ರೆ ಕೊಟ್ರಪ್ಪ ಕೊಡ್ತಾನೇನು?" ಎಂದು ಕೇಳಿದ್ದಕ್ಕೆ ಸುಮ್ಮನಾದಳು. ಕಾರಿನಲ್ಲಿ ಹೋಗಿ, ತೇರು ಬೀದಿವರೆಗೂ ಚಪ್ಪಲಿಯಲ್ಲೇ ನಡೆದಳು. ಗುಡಿ ಹತ್ತಿರ ದಪ್ಪ ಕಾಲುಚೀಲ ಹಾಕಿಸಿದೆವು. ಚಪ್ಪಲಿಯನ್ನು ಎಲ್ಲರ ರಾಶಿಯಲ್ಲಿ ಬಿಡಲು ಒಪ್ಪದೆ ಕೈಚೀಲಕ್ಕೆ ಹಾಕಿ ಕಂಕುಳಲ್ಲಿ ಇಟ್ಟುಕೊಂಡಳು.

"ಯಾರು ಒಯ್ತಾರೆ ದೊಡ್ಡಜ್ಜಿ, ನಾನು ಕಾಯ್ತೀನಿ ಕೊಡು" ಎಂದಳು ಮೊಮ್ಮಗಳು.

"ಒಯ್ದರೂ ಅವರಿಗೆ ಬರಾಂಗಿಲ್ಲ ಬಿಡು" ಎಂದಳು ಅವ್ವ, ಚೀಲವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡು. "ಇದು ನನ್ನ ಕಾಲಿನ ಅಳತೀದು."